ಕಂಟೇನರ್ ಕೊಳ್ಳುವ ಮುನ್ನ: ಸೋರಿಕೆ, ಬಿಗಿ ಬಾಗಿಲು, ತುಕ್ಕಿನ ಮೂಲ ಹುಡುಕುವುದು

ಸಂಕ್ರಾಂತಿ ಮುಗಿದು ವಾರವೂ ಆಗಿರಲಿಲ್ಲ. ಆಳಂದ ಕಡೆಯ ಪರಿಚಯದ ರೈತರೊಬ್ಬರು ಬೆಳಗ್ಗೆ ಆರಕ್ಕೇ ಫೋನ್ ಮಾಡಿದರು.

"ಅಣ್ಣಾ, ಕಂಟೇನರ್ ಸೋರ್ಲಾಕತ್ತದ. ತೊಗರಿ ಚೀಲ ಹಸಿ ಆಗ್ಯಾವ. ವೆಲ್ಡಿಂಗ್ ಮಷಿನ್ ತಗೊಂಡು ಬರ್ರಿ."

"ಮಳಿ ಎಲ್ಲಿ ಬಂದದ್ರೀ?" ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ.

ಹೋಗಿ ನೋಡಿದೆ. ಛಾವಣಿಯ ಒಳಮೈಗೆ ಈ ತುದಿಯಿಂದ ಆ ತುದಿಯವರೆಗೆ ಸಾಸಿವೆ ಕಾಳಿನಷ್ಟು ಹನಿಗಳು ಒಂದೇ ಸಮನೆ ಕೂತಿದ್ದವು. ಅದು ಸೋರಿಕೆಯಲ್ಲ, ಬೆವರು. ಪೂರ್ತಿ ಒಣಗದ ತೊಗರಿ ತುಂಬಿ ಬಾಗಿಲು ಜಡಿದಿದ್ದರು. ಹಗಲಿನ ಬಿಸಿಗೆ ಕಾಳಿನ ತೇವ ಆವಿಯಾಗಿ ಮೇಲೇರಿ, ಜನವರಿಯ ರಾತ್ರಿಗೆ ತಣ್ಣಗಾದ ತಗಡಿಗೆ ತಾಗಿ ನೀರಾಗಿತ್ತು. ಮೇಲಿನ ಗಾಳಿಕಿಂಡಿಗಳನ್ನು ಮಾರಿದವನು ಬಣ್ಣ ಬಳಿಯುವಾಗ ಎಂ-ಸೀಲ್ ಮೆತ್ತಿ ಮುಚ್ಚಿಬಿಟ್ಟಿದ್ದ. ಛಾವಣಿಯಲ್ಲಿ ಒಂದು ತೂತೂ ಇರಲಿಲ್ಲ. ಆದರೆ ಚೀಲ ಸರಿಸಿ ಮೂಲೆಯ ಪ್ಲೈವುಡ್ ಮೇಲೆ ಹಿಮ್ಮಡಿ ಊರಿದರೆ ಅದು ಸಾರಿನಲ್ಲಿ ನೆನೆದ ರೊಟ್ಟಿಯ ಹಾಗೆ ಒಳಗಿಳಿಯಿತು. ಅವರು ಹೇಳಿದ ದೋಷ ಅಲ್ಲಿರಲಿಲ್ಲ. ಇದ್ದ ದೋಷ ಅವರ ಕಣ್ಣಿಗೆ ಬಿದ್ದಿರಲಿಲ್ಲ. ಡಬ್ಬಿಯನ್ನು ಅವರು ಕೊಂಡದ್ದು ಮೊಬೈಲಿನಲ್ಲಿ ಬಂದ ಆರು ಫೋಟೋ ನೋಡಿ.

ನಾನು ಕಲಬುರಗಿಯ ಕಪನೂರ ಇಂಡಸ್ಟ್ರಿಯಲ್ ಏರಿಯಾದಲ್ಲಿ ವೆಲ್ಡಿಂಗ್ ಕೆಲಸ ಮಾಡುವವನು. ಹಡಗಿನಲ್ಲಿ ಸರಕು ಸಾಗಿಸಿ ಹಳೆಯದಾದ ಕಂಟೇನರ್ ಕೊಯ್ದು ಸೈಟ್ ಆಫೀಸು, ಸ್ಟೋರು, ಚಹಾ ಅಂಗಡಿ ಮಾಡಿಕೊಡುತ್ತೇನೆ. ನಮ್ಮ ಭಾಗಕ್ಕೆ ಇವು ಹೈದರಾಬಾದ್ ಕಡೆಯಿಂದಲೋ ಮುಂಬೈ ಹತ್ತಿರದ ನ್ಹಾವಾ ಶೇವಾ ಬಂದರಿನ ಕಡೆಯಿಂದಲೋ ಟ್ರೇಲರ್ ಮೇಲೆ ಬರುತ್ತವೆ. ಸರಿಯಿಲ್ಲ ಎಂದು ವಾಪಸು ಕಳಿಸುವುದೆಂದರೆ ಎರಡು ಸಲ ಬಾಡಿಗೆ, ಎರಡು ಸಲ ಹೈಡ್ರಾ ಕ್ರೇನು. ಅದಕ್ಕೇ ಯಾರೂ ವಾಪಸು ಕಳಿಸುವುದಿಲ್ಲ, ನನ್ನ ಹತ್ತಿರ ಬರುತ್ತಾರೆ. ಹಳೇ ಕಂಟೇನರ್ ಮಾರುವ ಯಾರ್ಡಿಗೆ ಖುದ್ದಾಗಿ ಹೋಗಿ ಅರ್ಧ ದಿನ ಕಳೆದರೆ ಇದೆಲ್ಲ ಉಳಿಯುತ್ತದೆ. ಹೋದಾಗ ಒಂದು ಮಾತು ನೆನಪಿರಲಿ: ಇಲ್ಲಿ ಪ್ರತಿ ಲಕ್ಷಣಕ್ಕೂ ಒಂದು ಅಗ್ಗದ ಕಾರಣ ಇರುತ್ತದೆ, ಒಂದು ದುಬಾರಿ ಕಾರಣ ಇರುತ್ತದೆ. ಬಾಗಿಲು ಬಿಗಿ ಎಂದರೆ ನೆಲ ಏರುಪೇರಾಗಿರಬಹುದು, ಚೌಕಟ್ಟೇ ಸೊಟ್ಟಗಾಗಿರಲೂಬಹುದು. ಯಾವುದು ಎಂದು ಗೊತ್ತಾಗುವ ತನಕ ಬೆಲೆ ಮಾತಾಡಬೇಡಿ.

ಕೈಯಲ್ಲಿ ಏನಿರಬೇಕು, ಯಾವಾಗ ಹೋಗಬೇಕು

ಟಾರ್ಚು, ಸೀಮೆಸುಣ್ಣ, ಉದ್ದನೆಯ ಅಳತೆ ಟೇಪು, ಸಣ್ಣ ಸುತ್ತಿಗೆ, ಸ್ಕ್ರೂಡ್ರೈವರ್, ಹಳೇ ಸ್ಪೀಕರಿನ ಮ್ಯಾಗ್ನೆಟ್, ಒಂದು ಬಿಳಿ ಬಟ್ಟೆ, ಗೌಂಡಿಗಳು ಬಳಸುವ ನೀರಿನ ಲೆವಲ್ ಪೈಪು. ನಿಚ್ಚಣಿಕೆ ಯಾರ್ಡಿನಲ್ಲಿ ಸಿಗುತ್ತದೆ. ಒಂದು ಉದ್ದನೆಯ ತೊಗರಿ ಕಟ್ಟಿಗೆಯೂ ಇರಲಿ, ಯಾಕೆಂದು ಮುಂದೆ ಹೇಳುತ್ತೇನೆ. ಎಲ್ಲಕ್ಕಿಂತ ಮುಖ್ಯ, ಜೊತೆಗೊಬ್ಬ ನಂಬಿಕೆಯ ಮನುಷ್ಯ.

ಏಪ್ರಿಲ್, ಮೇನಲ್ಲಿ ನಮ್ಮ ಕಡೆ ಬಿಸಿಲು 42 ಡಿಗ್ರಿ ದಾಟುತ್ತದೆ. ಮುಚ್ಚಿದ ಉಕ್ಕಿನ ಡಬ್ಬಿಯೊಳಗೆ ಅದಕ್ಕಿಂತ ಹೆಚ್ಚು. ಹಾಗಾಗಿ ಒಳಗೆ ನಿಂತು ಮಾಡುವ ಪರೀಕ್ಷೆಗಳನ್ನೆಲ್ಲ ಬೆಳಗ್ಗೆ ಎಂಟು ಒಂಬತ್ತಕ್ಕೆ ಮುಗಿಸಿ. ವಾಸನೆಯ ಪರೀಕ್ಷೆಯೊಂದಕ್ಕೆ ಮಾತ್ರ ಮಧ್ಯಾಹ್ನದ ಬಿಸಿಲು ಬೇಕು.

ಮೊದಲು ನಂಬರು, ಆಮೇಲೆ ತಗಡು

ಬಾಗಿಲ ಮೇಲೆ ನಾಲ್ಕು ಅಕ್ಷರ, ಆರು ಅಂಕಿ, ಕೊನೆಗೆ ಚೌಕದೊಳಗೆ ಒಂದು ಅಂಕಿ ಇರುತ್ತದೆ. ಮೊದಲ ಮೂರು ಅಕ್ಷರ ಮಾಲೀಕ ಕಂಪನಿಯ ಗುರುತು, ನಾಲ್ಕನೆಯದು ಸಾಮಾನ್ಯವಾಗಿ 'ಯು'. ಕೊನೆಯ ಅಂಕಿ ಸುಮ್ಮನೆ ಬರೆದದ್ದಲ್ಲ, ಉಳಿದ ಹತ್ತರ ಲೆಕ್ಕದಿಂದ ಬಂದದ್ದು. ಐಎಸ್‌ಒ 6346 ಎಂಬ ಅಂತರರಾಷ್ಟ್ರೀಯ ನಿಯಮದ ಪ್ರಕಾರ ಪ್ರತಿ ಅಕ್ಷರಕ್ಕೂ ಒಂದು ಬೆಲೆಯಿದೆ. ಎ ಅಂದರೆ 10. ಮುಂದೆ ಎಣಿಸುತ್ತ ಹೋಗುವಾಗ 11, 22, 33 ಬಿಡಬೇಕು. ಹಾಗಾಗಿ ಬಿ 12, ಸಿ 13, ಯು 32. ಎಡದಿಂದ ಒಂದೊಂದನ್ನೂ 1, 2, 4, 8, 16 ಹೀಗೆ ದುಪ್ಪಟ್ಟಾಗುವ ಸಂಖ್ಯೆಯಿಂದ ಗುಣಿಸಿ ಕೂಡಿಸಿ, 11ರಿಂದ ಭಾಗಿಸಿದರೆ ಉಳಿಯುವ ಶೇಷವೇ ಆ ಕೊನೆಯ ಅಂಕಿ. ಶೇಷ 10 ಬಂದರೆ ಸೊನ್ನೆ ಎಂದು ಹಿಡಿಯಬೇಕು. ಸಿ-ಎಸ್-ಕ್ಯೂ-ಯು 305438 ಎಂಬುದನ್ನು ಹೀಗೆ ಕೂಡಿದರೆ 6185 ಬರುತ್ತದೆ, 11ರಿಂದ ಭಾಗಿಸಿದರೆ ಶೇಷ 3. ಚೌಕದಲ್ಲಿ 3 ಇದ್ದರೆ ಸರಿ. ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ ಐದು ನಿಮಿಷದ ಕೆಲಸ. ಲೆಕ್ಕ ಕೂಡದಿದ್ದರೆ ಆ ನಂಬರನ್ನು ಯಾರೋ ಬ್ರಷ್ ಹಿಡಿದು ಬರೆದಿದ್ದಾರೆ ಎಂದರ್ಥ.

ಎಡ ಬಾಗಿಲಿನ ಕೆಳಗಡೆ ಸಾಮಾನ್ಯವಾಗಿ ಒಂದು ಲೋಹದ ಫಲಕ ರಿವೆಟ್ ಹೊಡೆದಿರುತ್ತದೆ. ಅದಕ್ಕೆ ಸಿಎಸ್‌ಸಿ ಪ್ಲೇಟ್ ಎನ್ನುತ್ತಾರೆ. 1972ರ ಅಂತರರಾಷ್ಟ್ರೀಯ ಕಂಟೇನರ್ ಸುರಕ್ಷತಾ ಒಪ್ಪಂದದ ಪ್ರಕಾರ ಹಾಕಿದ್ದು. ತಯಾರಾದ ತಿಂಗಳು, ವರ್ಷ, ಗರಿಷ್ಠ ತೂಕ, ಮೇಲೆ ಎಷ್ಟು ಭಾರ ಪೇರಿಸಬಹುದು ಎಂಬುದೆಲ್ಲ ಅದರಲ್ಲಿದೆ. ಫಲಕದಲ್ಲೂ ಕಂಟೇನರ್ ನಂಬರು ಬರೆದಿದ್ದರೆ ಅದೂ ಬಾಗಿಲ ನಂಬರೂ ಒಂದೇ ಇರಬೇಕು. ಫಲಕವೇ ಇಲ್ಲ, ನಾಲ್ಕು ರಿವೆಟ್ ತೂತು ಮಾತ್ರ ಇವೆ ಎಂದರೆ ವಯಸ್ಸು ಮುಚ್ಚಿಟ್ಟಿದ್ದಾರೆ. ಹಡಗಿನಲ್ಲಿ ಮತ್ತೆ ಕಳಿಸುವವರಿಗೆ ಫಲಕದ ತಪಾಸಣೆ ತಾರೀಖೂ ಮುಖ್ಯ: ತಯಾರಾದ 5 ವರ್ಷದೊಳಗೆ ಮೊದಲ ತಪಾಸಣೆ, ನಂತರ 30 ತಿಂಗಳಿಗೊಮ್ಮೆ. ಹೊಲದಲ್ಲಿ ಸ್ಟೋರ್ ಮಾಡುವವರಿಗೆ ಅದು ಬೇಕಿಲ್ಲ.

ಕಾಗದದ ಮಾತೂ ಇಲ್ಲೇ ಮುಗಿಸುತ್ತೇನೆ. ವಿದೇಶಿ ಕಂಪನಿಗಳ ಕಂಟೇನರುಗಳು 6 ತಿಂಗಳಲ್ಲಿ ದೇಶದಿಂದ ಹೊರಹೋಗಬೇಕೆಂಬ ಷರತ್ತಿನ ಮೇಲೆ ಸುಂಕವಿಲ್ಲದೆ ಒಳಗೆ ಬಂದಿರುತ್ತವೆ. ಇಲ್ಲೇ ಮಾರಬೇಕಾದರೆ ಸುಂಕ ಕಟ್ಟಿರಬೇಕು. ಆ ನಂಬರಿನ ಹೆಸರಲ್ಲೇ ಬಿಲ್ ಆಫ್ ಎಂಟ್ರಿಯ (ಕಸ್ಟಮ್ಸ್‌ಗೆ ಕೊಡುವ ಆಮದು ದಾಖಲೆ) ಪ್ರತಿ, ಜಿಎಸ್‌ಟಿ ಬಿಲ್ಲು ಕೇಳಿ. "ಆಮ್ಯಾಲ ಕಳಸ್ತೀವ್ರಿ" ಅಂದರೆ ಅಡ್ವಾನ್ಸ್ ಕೂಡ ಆಮೇಲೆಯೇ.

ಬಾಗಿಲು ಬಿಗಿಯಾಗಿದ್ದರೆ

ಹೆಚ್ಚಿನವರು ಬಾಗಿಲು ಎಳೆದು ನೋಡಿ, ಬಿಗಿ ಎನಿಸಿದರೆ ಬಿಟ್ಟು ಬರುತ್ತಾರೆ, ಸಲೀಸಾಗಿ ತೆರೆದರೆ ಕೊಂಡು ಬರುತ್ತಾರೆ. ಎರಡೂ ತಪ್ಪು.

ಬಲಗಡೆಯ ಬಾಗಿಲು ಮೊದಲು ತೆರೆಯಬೇಕು, ಅದು ಎಡ ಬಾಗಿಲಿನ ಅಂಚಿನ ಮೇಲೆ ಹೊದ್ದುಕೊಂಡಿರುತ್ತದೆ. ಎರಡೂ ಬಾಗಿಲು ಸೇರಿ ನಾಲ್ಕು ಲಾಕ್ ರಾಡುಗಳು, ಅಂದರೆ ಬಾಗಿಲು ಬಿಗಿಯುವ ನಿಂತ ಸರಳುಗಳು. ತೆರೆದ ಬಾಗಿಲನ್ನು ಕೈಯಲ್ಲಿ ಹಿಡಿದು ನಿಧಾನ ಪೂರ್ತಿ ತಿರುಗಿಸಿ, ಎಲ್ಲಿ ತಡೆಯುತ್ತದೆ ಎಂದು ಗಮನಿಸಿ. ಮೊದಲಿಂದ ಕೊನೆವರೆಗೆ ಒಂದೇ ಸಮ ಭಾರ, ಕಿರ್ ಎಂಬ ಸದ್ದು ಎಂದರೆ ತಿರುಗಣಿ ಜಂಗು ಹಿಡಿದಿದೆ. ಎಣ್ಣೆ, ಸ್ವಲ್ಪ ಬಿಸಿ, ಸುತ್ತಿಗೆ, ಒಂದು ಗಂಟೆಯ ಕೆಲಸ. ಗಾಳಿಯಲ್ಲಿ ಹಗುರಾಗಿ ತಿರುಗಿ ಮುಚ್ಚುವ ಕೊನೆಯ ಗೇಣಿನಲ್ಲಿ ಮಾತ್ರ ತಡೆದರೆ ಮೂರು ಕಾರಣಗಳಿವೆ: ಬಾಗಿಲ ಅಂಚಿನ ಹೊಸ ರಬ್ಬರು, ಸೊಟ್ಟ ನೆಲ, ಇಲ್ಲವೆ ಸೊಟ್ಟ ಚೌಕಟ್ಟು.

ಈಗ ಹಿಂದೆ ಸರಿದು ನಿಂತು ಎರಡೂ ಬಾಗಿಲುಗಳ ಮೇಲಂಚು ನೋಡಿ. ಒಂದು ಮೇಲೆ ಒಂದು ಕೆಳಗೆ ಇದ್ದರೆ ಡಬ್ಬಿ ಓರೆಯಾಗಿದೆ. ಅದು ಯಾರ ತಪ್ಪು? ನಮ್ಮ ಕಡೆ ಬಹಳ ಸಲ ಎರೆಮಣ್ಣಿನದು. ಎರಿ ಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ. ಅದರ ಮೇಲೆ ಎರಡು ಬೇಸಿಗೆ ಕಳೆದ ಡಬ್ಬಿಯ ಒಂದು ಮೂಲೆಯಾದರೂ ಇಳಿದಿರುತ್ತದೆ. ಲೆವಲ್ ಪೈಪಿನಲ್ಲಿ ನೀರು ತುಂಬಿ ನಾಲ್ಕು ಮೂಲೆಯ ಎತ್ತರ ಹೋಲಿಸಿ. ಇಳಿದ ಮೂಲೆಗೆ ಲಾರಿಯ ಜಾಕ್ ಇಟ್ಟು ಎತ್ತಿಸಿ. ಬಾಗಿಲು ಸಡಿಲವಾದರೆ ಡಬ್ಬಿ ನಿರ್ದೋಷಿ.

ಜೇವರ್ಗಿ ರಸ್ತೆಯ ಒಂದು ಜಾಗದಲ್ಲಿ ಹೀಗೇ ಆಯಿತು. ಇಬ್ಬರು ಜೋತು ಬಿದ್ದರೂ ಬಾಗಿಲು ಮುಚ್ಚುತ್ತಿರಲಿಲ್ಲ. "ಹೊಸಾ ರಬ್ಬರ್ ಹಾಕ್ಸೀವ್ರಿ, ಅದಕ್ಕ ಬಿಗಿ ಅದ" ಅಂದ ಮಾರುವವನು. ರಬ್ಬರು ನೋಡಿದರೆ ಅಂಚಿನಲ್ಲಿ ಸೀಳಿ ಹುಡಿಯಾಗುತ್ತಿತ್ತು. ಹಿಂದಿನ ಎಡ ಮೂಲೆ ಹೆಬ್ಬೆರಳಿನಷ್ಟು ಇಳಿದಿತ್ತು. ಬಾಗಿಲು ಕೆಟ್ಟಿದೆ ಎಂಬ ಬೆಲೆಯಲ್ಲೇ ವ್ಯವಹಾರ ಮುಗಿಸಿ, ಕೈ ಕೊಟ್ಟ ಮೇಲೆ ಜಾಕ್ ತರಿಸಿದೆ. ಅವನ ಮುಖ ನೋಡಲು ಸ್ವಲ್ಪ ಕಷ್ಟವಾಯಿತು, ಆದರೆ ರಬ್ಬರಿನ ಸುಳ್ಳು ಅವನೇ ಹೇಳಿದ್ದು.

ಮೂಲೆ ಎತ್ತಿದರೂ ಬಾಗಿಲು ಕೂಡಲಿಲ್ಲ ಎಂದರೆ ಟೇಪು ತೆಗೆಯಿರಿ. ಬಾಗಿಲ ಚೌಕಟ್ಟಿನ ನಾಲ್ಕು ಮೂಲೆಗಳಲ್ಲಿ ದಪ್ಪ ಉಕ್ಕಿನ ಗಟ್ಟಿಗಳಿವೆ, ಕಾರ್ನರ್ ಕಾಸ್ಟಿಂಗ್ ಎನ್ನುತ್ತಾರೆ. ಅವುಗಳ ತೂತಿನಿಂದ ತೂತಿಗೆ ಕರ್ಣ ಅಳೆಯಿರಿ: ಎಡಮೇಲಿಂದ ಬಲಕೆಳಗೆ, ಬಲಮೇಲಿಂದ ಎಡಕೆಳಗೆ. ಐಎಸ್‌ಒ ಅಳತೆಯಂತೆ ಎರಡರ ವ್ಯತ್ಯಾಸ 10 ಮಿ.ಮೀ. ಮೀರಬಾರದು. ಪಕ್ಕದ ಗೋಡೆಯ ಕರ್ಣಗಳಿಗೆ 20 ಅಡಿಯದರಲ್ಲಿ 13 ಮಿ.ಮೀ., 40 ಅಡಿಯದರಲ್ಲಿ 19 ಮಿ.ಮೀ. ಹಳೇ ಮಾಲಿಗೆ ನಾನು ಒಂದೆರಡು ಮಿಲಿಮೀಟರ್ ರಿಯಾಯಿತಿ ಕೊಡುತ್ತೇನೆ, ಎರಡು ಬೆರಳು ವ್ಯತ್ಯಾಸಕ್ಕೆ ಕೊಡುವುದಿಲ್ಲ. ಮೂಲೆ ಕಂಬ ಒಳಗೆ ಮಡಿಚಿದ್ದರೂ ಅಲ್ಲಿಗೆ ಮುಗಿಯಿತು. ಕಂಟೇನರಿನ ಬಲವೆಲ್ಲ ಆ ನಾಲ್ಕು ಕಂಬದಲ್ಲಿದೆ. ಹಳೇ ಫಲಕಗಳಲ್ಲಿ 1,92,000 ಕೆಜಿ ಪೇರಿಸಬಹುದು ಎಂದು ಬರೆದಿರುವುದು ಅವುಗಳ ಭರವಸೆಯ ಮೇಲೆಯೇ ಹೊರತು ಗೋಡೆ ತಗಡಿನ ಮೇಲಲ್ಲ.

ರಬ್ಬರಿಗೆ ಹಳೇ ಉಪಾಯವೊಂದಿದೆ. ಬಾಗಿಲಿನ ಸಂದಿಯಲ್ಲಿ ಒಂದು ಕಾಗದದ ಪಟ್ಟಿ ಇಟ್ಟು ಮುಚ್ಚಿ, ಎಳೆಯಿರಿ. ಹಿಡಿದುಕೊಂಡರೆ ಸರಿ, ಸರಕ್ಕನೆ ಬಂದರೆ ಅಲ್ಲಿ ನೀರೂ ಬರುತ್ತದೆ. ಕೆಳಗಿನ ಎರಡು ಮೂಲೆಗಳಲ್ಲಿ ತಪ್ಪದೆ ಮಾಡಿ, ಹರಿಯುವುದು ಅಲ್ಲೇ.

ಸೋರಿಕೆ: ಕತ್ತಲಲ್ಲಿ ನಿಲ್ಲುವುದು

ಬಾಗಿಲು ತೆರೆದ ತಕ್ಷಣ ಒಳಗೆ ನುಗ್ಗಬೇಡಿ. ಹಡಗಿನ ಸರಕಿಗೆ ಹುಳ ಹಿಡಿಯದಿರಲು ವಿಷದ ಹೊಗೆ ಹಾಕುವ ಪದ್ಧತಿ ಇದೆ. ಎರಡೂ ಬಾಗಿಲು ತೆರೆದು ಒಂದು ಚಹಾ ಕುಡಿದು ಬನ್ನಿ.

ಆಮೇಲೆ ಒಳಗೆ ಹೋಗಿ ಬಾಗಿಲು ಮುಚ್ಚಿಸಿ. ನಿಮ್ಮ ಮನುಷ್ಯ ಹೊರಗೆ ಬಾಗಿಲಿಗೇ ಕೈಯಿಟ್ಟು ನಿಂತಿರಬೇಕು, ಲಾಕ್ ರಾಡು ತಿರುಗಿಸಬಾರದು, ಬೀಗ ನಿಮ್ಮ ಕಿಸೆಯಲ್ಲಿರಬೇಕು. ಸಾಮಾನ್ಯ ಸರಕಿನ ಕಂಟೇನರಿಗೆ ಒಳಗಿನಿಂದ ತೆರೆಯುವ ಹಿಡಿಕೆ ಇರುವುದಿಲ್ಲ. ಯಾರ್ಡಿನ ಹುಡುಗರನ್ನು ಈ ಕೆಲಸಕ್ಕೆ ನಂಬಬೇಡಿ. ಅವರು ಕೆಟ್ಟವರೆಂದಲ್ಲ, ಯಾರಾದರೂ ಕರೆದರೆ ಹೋಗಿಬಿಡುತ್ತಾರೆ.

ಮೊದಲ ಎರಡು ನಿಮಿಷ ಏನೂ ಕಾಣುವುದಿಲ್ಲ. ಎಲ್ಲ ಸರಿಯಿದೆ ಎಂದು ಹೊರಬರುವವರು ಆಗಲೇ ಬರುತ್ತಾರೆ. ಐದು ನಿಮಿಷ ನಿಲ್ಲಿ. ಕಣ್ಣು ಕತ್ತಲಿಗೆ ಹೊಂದಿದ ಹಾಗೆ ಎಲ್ಲೋ ಒಂದು ಚುಕ್ಕಿ ಮೂಡುತ್ತದೆ, ಆಮೇಲೆ ಅದರ ಪಕ್ಕದಲ್ಲಿ ಇನ್ನೊಂದು. ಗುಂಡುಸೂಜಿಯ ಮೊನೆಯಷ್ಟು ತೂತಿನಿಂದಲೂ ಬಿಸಿಲು ದಾರದ ಹಾಗೆ ಇಳಿದು ಧೂಳಿನಲ್ಲಿ ಕಾಣುತ್ತದೆ. ಪ್ರತಿಯೊಂದಕ್ಕೂ ಸೀಮೆಸುಣ್ಣದಲ್ಲಿ ಸುತ್ತು ಹಾಕಿ. ಎಷ್ಟು ಚುಕ್ಕಿ ಎನ್ನುವುದಕ್ಕಿಂತ ಎಲ್ಲಿವೆ ಎನ್ನುವುದು ಹೆಚ್ಚು ಹೇಳುತ್ತದೆ.

ಗೋಡೆಯ ನಡುವೆ ಒಂಟಿ ದುಂಡು ತೂತು ಎಂದರೆ ಯಾರೋ ಸ್ಕ್ರೂ ಹೊಡೆದು ತೆಗೆದದ್ದು. ನೂರು ರೂಪಾಯಿಯ ಕೆಲಸವೂ ಅಲ್ಲ. ಛಾವಣಿಯ ಮೂಲೆಗಳ ಹತ್ತಿರ ಸೀಳಿದಂಥ ಬೆಳಕು ಎಂದರೆ ಬಂದರಿನ ಕ್ರೇನಿನ ಕೊಕ್ಕೆ ಗುರಿ ತಪ್ಪಿ ಹೊಡೆದಿದೆ. ಇದು ತೀರಾ ಮಾಮೂಲು, ಪಟ್ಟಿ ಹಾಕಿ ವೆಲ್ಡ್ ಮಾಡಬಹುದು. ಗೋಡೆ ನೆಲಕ್ಕೆ ಕೂಡುವ ಕಡೆ ಸಾಲಾಗಿ ಬೆಳಕು ಕಂಡರೆ ಮಾತ್ರ ಎದೆ ಗಟ್ಟಿ ಮಾಡಿಕೊಳ್ಳಿ. ಅಲ್ಲಿ ಕೆಳಗಿನ ಉದ್ದ ಪಟ್ಟಿಯೇ ತುಕ್ಕು ತಿಂದು ಹೋಗಿದೆ. ಒಂದು ಚುಕ್ಕಿ ಮುಚ್ಚಲು ವೆಲ್ಡಿಂಗ್ ಕಡ್ಡಿ ಇಟ್ಟರೆ ಅದು ಹತ್ತು ಚುಕ್ಕಿ ಆಗುತ್ತದೆ, ಅಂಟಿಕೊಳ್ಳಲು ಗಟ್ಟಿ ಲೋಹವೇ ಇರುವುದಿಲ್ಲ.

ಗೋಡೆಯ ಮೇಲ್ಭಾಗದಲ್ಲಿ ಅಂಗೈ ಅಗಲದ ಮುಚ್ಚಳಗಳಿವೆಯಲ್ಲ, ಅವು ಗಾಳಿಕಿಂಡಿ. ಅಲ್ಲಿ ಮಸುಕು ಬೆಳಕು ಕಂಡರೆ ದೋಷವಲ್ಲ. ಮುಚ್ಚಿದ್ದರೆ ದೋಷ, ಆಳಂದದ ಕಥೆ ಮೇಲೆಯೇ ಹೇಳಿದೆ.

ಬೆಳಕಿನ ಪರೀಕ್ಷೆ ಬಾಗಿಲ ರಬ್ಬರಿನ ಮೋಸವನ್ನು ಪೂರ್ತಿ ಹಿಡಿಯುವುದಿಲ್ಲ. ರಬ್ಬರು ಮಡಿಕೆಯಾಗಿ ಕೂರುವುದರಿಂದ ಬೆಳಕು ತಿರುಗಿ ಒಳಬರಲಾರದು, ನೀರು ಬರುತ್ತದೆ. ಯಾರ್ಡಿನಲ್ಲಿ ಟ್ಯಾಂಕರ್ ಇದ್ದರೆ ಪೈಪು ಹಿಡಿದು ಬಾಗಿಲಿನ ಮೇಲಂಚಿಗೆ ಹತ್ತು ನಿಮಿಷ ನೀರು ಬಿಡಿಸಿ. ಬೇಸಿಗೆಯಲ್ಲಿ ನೀರು ಕೇಳಿದರೆ ಮುಖ ಗಂಟು ಹಾಕುತ್ತಾರೆ, ಎರಡು ಬಕೆಟ್ಟಾದರೂ ಸುರಿಯಿರಿ.

ನೀರು ಸಿಗದೇ ಇದ್ದರೆ ಹಳೇ ಕಲೆಗಳನ್ನು ಓದಿ. ಸೋರಿಕೆ ಒಂದೇ ಜಾಗದಲ್ಲಿ ಹುಟ್ಟಿ ಕೆಳಗೆ ಕಂದು ಗೆರೆ ಎಳೆದಿರುತ್ತದೆ. ಬೆವರು ಛಾವಣಿಯ ಉದ್ದಕ್ಕೂ ಸಮನಾಗಿ ಮಸುಕು ಚುಕ್ಕೆ ಬಿಟ್ಟಿರುತ್ತದೆ. ಮೊದಲನೆಯದು ಡಬ್ಬಿಯ ದೋಷ, ಎರಡನೆಯದು ತುಂಬಿದವರದ್ದು.

ಬಣ್ಣದ ಕೆಳಗೆ ಏನಿದೆ

ಕಂಟೇನರಿನ ತಗಡು ಮನೆಯ ಪತ್ರಾಸಿನಂಥದಲ್ಲ. ಕಾರ್ಟೆನ್ ಎಂಬ ಉಕ್ಕು, ತಾಮ್ರ ಕ್ರೋಮಿಯಂ ಸ್ವಲ್ಪ ಸೇರಿದ್ದು. ಒದ್ದೆಯಾಗಿ ಒಣಗುತ್ತ ಅದರ ಮೇಲೆ ತೆಳುವಾದ ಕಂದು ಪದರ ಕೂರುತ್ತದೆ, ಆ ಪದರವೇ ಒಳಗಿನ ಲೋಹವನ್ನು ಕಾಯುತ್ತದೆ. ಆದ್ದರಿಂದ ಕಂದು ಬಣ್ಣ ಕಂಡ ತಕ್ಷಣ ಹೆದರಬೇಕಿಲ್ಲ. ಆದರೆ ನೀರು ನಿಂತೇ ಇರುವ ಕಡೆ ಈ ಗುಣ ಕೆಲಸ ಮಾಡುವುದಿಲ್ಲ: ಛಾವಣಿಯ ತಗ್ಗು, ಬಾಗಿಲ ಹೊಸ್ತಿಲು, ಸ್ಟಿಕ್ಕರುಗಳ ಹಿಂದೆ, ಮಣ್ಣು ತಾಗುವ ಅಡಿಪಟ್ಟಿ. ಗೋಡೆಯ ದಪ್ಪ ಹೆಚ್ಚಿನ ಕಡೆ 1.6 ಮಿ.ಮೀ., ಛಾವಣಿ 2 ಮಿ.ಮೀ. ಅಷ್ಟೇ. ತಿನ್ನಲು ಬಹಳ ಇಲ್ಲ.

ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ಹೋಗಿ. ಒಳ್ಳೆಯ ತಗಡು ಟಣ್ ಎನ್ನುತ್ತದೆ, ಸತ್ತ ತಗಡು ದಬ್ ಎನ್ನುತ್ತದೆ. ದಬ್ ಎಂದಲ್ಲಿ ಸ್ಕ್ರೂಡ್ರೈವರ್ ಒತ್ತಿ. ಹಪ್ಪಳದಂತೆ ಪದರ ಎದ್ದರೆ, ಆ ಪದರದ ದಪ್ಪ ನೋಡಿ ಮೋಸ ಹೋಗಬೇಡಿ. ತುಕ್ಕು ಉಬ್ಬಿಕೊಳ್ಳುತ್ತದೆ, ಹಿಂದೆ ಉಳಿದ ಲೋಹ ಅದರ ಒಂದು ಪಾಲು.

ಹೊಸ ಬಣ್ಣವಿದ್ದರೆ ಮ್ಯಾಗ್ನೆಟ್ ಸರಿಸುತ್ತ ಹೋಗಿ. ಕಾರಿನ ಡೆಂಟಿಂಗ್ ಅಂಗಡಿಯ ಪುಟ್ಟಿ ಮೆತ್ತಿದ ಕಡೆ ಹಿಡಿತ ಸಡಿಲವಾಗುತ್ತದೆ. ನಾನು ಒಮ್ಮೆ ಹುಮನಾಬಾದ್ ಹತ್ತಿರದ ಹೆದ್ದಾರಿ ಬದಿಯ ಯಾರ್ಡಿನಲ್ಲಿ ಹೀಗೆ ಸರಿಸುತ್ತಿದ್ದಾಗ ಮ್ಯಾಗ್ನೆಟ್ ಟಪ್ಪನೆ ಕಾಲ ಮೇಲೆ ಬಿತ್ತು. ಉಗುರಿನಿಂದ ಕೆರೆದೆ. ನೀಲಿ ಬಣ್ಣ, ಅದರ ಕೆಳಗೆ ಬೂದು ಪುಟ್ಟಿ, ಅದರ ಕೆಳಗೆ ಜಾಳಿಗೆ, ಅದರ ಕೆಳಗೆ ನನ್ನ ಬೆರಳು ಒಳಗೆ ಹೋಯಿತು. ಯಾರ್ಡಿನವನು "ಅದು ಡಿಸೈನ್ ಅದರಿ" ಅನ್ನುವಷ್ಟು ಧೈರ್ಯ ಮಾಡಿದ.

ಪಟ್ಟಿ ಹಾಕಿದ್ದೇ ತಪ್ಪಲ್ಲ. ಗೋಡೆಯ ಏರಿಳಿತಕ್ಕೆ ತಕ್ಕಂತೆ ಮಡಿಚಿ, ಸುತ್ತಲೂ ಕಡಿಯದೆ ವೆಲ್ಡ್ ಮಾಡಿದ್ದರೆ ಒಳ್ಳೆಯ ರಿಪೇರಿ. ಚುಕ್ಕೆ ಚುಕ್ಕೆ ವೆಲ್ಡ್ ಹಾಕಿ ನಡುವೆ ಸಿಲಿಕಾನ್ ಒತ್ತಿದ್ದರೆ ಅದು ಮಾರುವವರೆಗಿನ ರಿಪೇರಿ.

ಅಡಿಭಾಗ: ಯಾರೂ ತೋರಿಸದ ಕಡೆ

ಹನ್ನೆರಡು ಹದಿನೈದು ವರ್ಷ ಸಮುದ್ರದ ಉಪ್ಪುಗಾಳಿ ತಿಂದದ್ದು ಕಾಣುವುದು ಇಲ್ಲಿ. ನೆಲದ ಪ್ಲೈವುಡ್ ಕೆಳಗೆ ಸುಮಾರು ಅಡಿಗೊಂದರಂತೆ ಅಡ್ಡ ತೊಲೆಗಳು ಸಾಲಾಗಿವೆ, ಕ್ರಾಸ್ ಮೆಂಬರ್ ಎನ್ನುತ್ತಾರೆ. ಸರಕಿನ ಭಾರ ಹೊರುವುದು ಅವು. ಕಂಟೇನರ್ ನೆಲಕ್ಕೆ ಕೂತಿದ್ದರೆ ಅವು ಕಾಣುವುದೇ ಇಲ್ಲ, ಮಾರುವವರಿಗೂ ಅದೇ ಅನುಕೂಲ.

ಹೈಡ್ರಾದಿಂದ ಎತ್ತಿಸಿ ನಾಲ್ಕು ಮೂಲೆಗೂ ದಪ್ಪ ಮರದ ದಿಮ್ಮಿ ಕೊಡಿಸಿ. ಖಾಲಿ 20 ಅಡಿಯದು ಎರಡೂಕಾಲು ಟನ್ ಆಸುಪಾಸು ತೂಗುತ್ತದೆ, ಹೈಡ್ರಾಕ್ಕೆ ಅದು ಹೊರೆಯಲ್ಲ. ಬಾಡಿಗೆ ನೀವೇ ಕೊಡಬೇಕಾಗಿ ಬಂದರೂ ಕೊಡಿ. ತೂಗುತ್ತಿರುವಾಗ ಮಾತ್ರ ಕೆಳಗೆ ತಲೆ ಹಾಕಬೇಡಿ. ದಿಮ್ಮಿಯ ಮೇಲೆ ಕೂತ ಮೇಲೂ ನಾನು ನುಗ್ಗುವುದಿಲ್ಲ. ತೊಗರಿ ಕಟ್ಟಿಗೆಯ ತುದಿಗೆ ಮೊಬೈಲ್ ಕಟ್ಟಿ, ಟಾರ್ಚ್ ಹಚ್ಚಿ ವಿಡಿಯೋ ಇಟ್ಟು ಈ ಬದಿಯಿಂದ ಆ ಬದಿಗೆ ನಿಧಾನ ತಳ್ಳುತ್ತೇನೆ. ಆಮೇಲೆ ನೆರಳಲ್ಲಿ ಕೂತು ಒಂದೊಂದೇ ತೊಲೆ ಎಣಿಸುತ್ತ ನೋಡುವುದು.

ಏನು ನೋಡಬೇಕು? ತೊಲೆ ತನ್ನ ಆಕಾರ ಉಳಿಸಿಕೊಂಡಿದೆಯೇ, ಕೆಳಗಿನ ಅಂಚು ಗರಗಸದ ಹಲ್ಲಿನಂತೆ ತಿಂದುಹೋಗಿದೆಯೇ, ಪಕ್ಕದ ಪಟ್ಟಿಗೆ ಕೂಡುವ ವೆಲ್ಡ್ ಬಿಟ್ಟಿದೆಯೇ. ಫೋರ್ಕ್‌ಲಿಫ್ಟ್ ಮುಳ್ಳು ತೂರಿಸುವ ಜಾಗದ ಅಕ್ಕಪಕ್ಕದ ತೊಲೆಗಳು ಬಾಗಿರುವುದು ಸಾಮಾನ್ಯ. ಒಂದೆರಡು ತೊಲೆ ಬದಲಿಸುವುದು ನಮ್ಮಂಥವರಿಗೆ ಒಂದು ದಿನದ ಕೆಲಸ. ಐದಾರು ಹೋಗಿದ್ದರೆ ನಿಮಗೆ ಮಾರುತ್ತಿರುವುದು ಗುಜರಿ, ಗುಜರಿಯ ದರ ಕೇಳಿ. ಅಡಿಗೆ ಡಾಂಬರಿನಂಥ ಕಪ್ಪು ಲೇಪ ಹೊಸದಾಗಿ ಹಚ್ಚಿದ್ದರೆ ಅದನ್ನೂ ಚುಚ್ಚಿ ನೋಡಿ.

ಅಡ್ಡ ತೊಲೆಗಳ ತಳ ಮೂಲೆ ಗಟ್ಟಿಗಳಿಗಿಂತ 12.5 ಮಿ.ಮೀ. ಮೇಲಿರುವಂತೆ ಮಾಡಿರುತ್ತಾರೆ. ಅಂದರೆ ಕಂಟೇನರ್ ನಾಲ್ಕು ಮೂಲೆಗಳ ಮೇಲೆ ಕೂರಬೇಕಾದ ವಸ್ತು, ನಡುವೆ ಗಾಳಿ ಆಡಬೇಕು. ನಿಮ್ಮ ಹೊಲದಲ್ಲಿ ಇಡುವಾಗಲೂ ಅಷ್ಟೇ: ಮೂಲೆಗಳ ಕೆಳಗಿನ ಎರಿ ಮಣ್ಣು ತೆಗೆದು ಮುರುಮ್ ತುಂಬಿ ದಮ್ಮಸು ಹೊಡೆದು, ಮೇಲೆ ದಪ್ಪ ಶಹಾಬಾದ್ ಕಲ್ಲಿನ ಪೀಠ ಕೊಡಿ.

ನೆಲ ಮತ್ತು ವಾಸನೆ

ನೆಲ 28 ಮಿ.ಮೀ. ಪ್ಲೈವುಡ್. ಸ್ಕ್ರೂ ಸಾಲಿನ ಮೇಲೆ ಗಟ್ಟಿಯಾಗಿಯೇ ಇರುತ್ತದೆ, ಎರಡು ಸಾಲಿನ ನಡುವೆ ಹಿಮ್ಮಡಿ ಊರಿ ನಡೆಯಿರಿ. ಪೊಳ್ಳು ಸದ್ದು, ಮೆತ್ತಗಿನ ಇಳಿತ ಎರಡೂ ಕೆಟ್ಟ ಸುದ್ದಿ. ಬಾಗಿಲ ಹತ್ತಿರದ ಮೊದಲ ಹಲಗೆಯೊಂದೇ ಹೋಗಿದ್ದರೆ ಬದಲಿಸಿದರಾಯಿತು. ನೆಲದ ಮೇಲೆ ಫರಸಿಯೋ ಮ್ಯಾಟೋ ಹಾಸಿ ಚಂದ ಮಾಡಿದ್ದರೆ ಎತ್ತಿಸಿ ನೋಡದೆ ಬಿಡಬೇಡಿ.

ಕಲೆಯ ಮೇಲೆ ಬಿಳಿ ಬಟ್ಟೆ ಒತ್ತಿ ಉಜ್ಜಿ. ಬಟ್ಟೆಗೆ ಹತ್ತದಿದ್ದರೆ ಹಳೇ ಕಲೆ, ಹತ್ತಿದರೆ ಇನ್ನೂ ಹಸಿಯಾಗಿದೆ. ಬಾಗಿಲಿನ ಹೊರಮೈಯಲ್ಲಿ ವಜ್ರಾಕಾರದ ಸ್ಟಿಕ್ಕರಿನ ಗುರುತು ಉಳಿದಿದ್ದರೆ ಅಪಾಯಕಾರಿ ಸರಕು ಹೋಗಿ ಬಂದಿದೆ. ಎರಡು ತಾಸು ಮಧ್ಯಾಹ್ನದ ಬಿಸಿಲಲ್ಲಿ ಮುಚ್ಚಿಟ್ಟು ತೆರೆಸಿ, ಹೊಸ್ತಿಲಲ್ಲೇ ನಿಂತು ಮೂಸಿ. ಬೆಳಗ್ಗೆ ಬಾರದ ವಾಸನೆ ಆಗ ಬರುತ್ತದೆ. ಕಣ್ಣು ಉರಿದರೆ ಬೆಲೆ ಎಷ್ಟಾದರೂ ಬೇಡ. ಪ್ಲೈವುಡ್ ಕುಡಿದ ರಾಸಾಯನಿಕವನ್ನು ಫಿನಾಯಿಲಿನಿಂದ ತೊಳೆಯಲು ಆಗುವುದಿಲ್ಲ. ಇನ್ನೊಂದು ಮಾತು, ತಯಾರಾಗುವಾಗಲೇ ಈ ಹಲಗೆಗಳಿಗೆ ಹುಳ ಹತ್ತದ ಔಷಧ ಕುಡಿಸಿರುತ್ತಾರೆ, ಯಾವುದು ಎಂದು ಬಾಗಿಲ ಫಲಕದಲ್ಲೇ ಬರೆದಿರುತ್ತದೆ. ತೊಗರಿ, ಜೋಳ ಇಡುವವರು ಚೀಲವನ್ನು ನೇರ ನೆಲಕ್ಕೆ ಇಡಬಾರದು. ಕೆಳಗೆ ತಾಡಪತ್ರಿ, ಅದರ ಮೇಲೆ ಮರದ ಪ್ಯಾಲೆಟ್, ಆಮೇಲೆ ಚೀಲ.

ಬೆಲೆ, ಮತ್ತೆ ಇಳಿಸುವ ದಿನ

"ವಿಂಡ್ ಅಂಡ್ ವಾಟರ್ ಟೈಟ್", "ಕಾರ್ಗೋ ವರ್ದಿ" ಎಂಬ ಮಾತು ಯಾರ್ಡಿನಲ್ಲಿ ಕೇಳುತ್ತೀರಿ. ಮೊದಲನೆಯದು ಗಾಳಿ ನೀರು ಒಳಬರುವುದಿಲ್ಲ ಎಂಬುದಷ್ಟೇ, ಎರಡನೆಯದು ಸರಕು ತುಂಬಿ ಮತ್ತೆ ಸಾಗಿಸಲು ಯೋಗ್ಯ ಎಂಬುದು. "ಆಸ್ ಈಸ್" ಅಂದರೆ ಇದ್ದ ಹಾಗೆ ಒಯ್ಯಿರಿ, ನಮ್ಮನ್ನು ಕೇಳಬೇಡಿ. ಯಾವ ಮಾತು ಹೇಳಿದರೋ ಅದನ್ನೇ ಬಿಲ್ಲಿನ ಮೇಲೆ ಬರೆಸಿ. ಬರೆಯಲು ಹಿಂದೆಮುಂದೆ ನೋಡಿದರೆ ಉತ್ತರ ಸಿಕ್ಕಿತು.

ರಬ್ಬರು, ತಿರುಗಣಿ, ಬಿಡಿ ತೂತು, ಒಂದು ಹಲಗೆ, ಗೋಡೆಯ ನೆಗ್ಗು, ಇವಕ್ಕೆ ಚೌಕಾಶಿ ಮಾಡಿ ಕೊಳ್ಳಿ. ಮೂಲೆ ಕಂಬ, ಉದ್ದಕ್ಕೂ ಕೊಳೆತ ಅಡಿಪಟ್ಟಿ, ರಾಸಾಯನಿಕದ ವಾಸನೆ, ಕೂಡದ ನಂಬರು, ಇವುಗಳಲ್ಲಿ ಒಂದಿದ್ದರೂ ಚಹಾ ಕುಡಿದು ಎದ್ದು ಬನ್ನಿ.

ಒಪ್ಪಿಗೆಯಾದರೆ ಅಡ್ವಾನ್ಸ್ ರಸೀದಿಯಲ್ಲಿ ಹನ್ನೊಂದೂ ಅಕ್ಷರ ಅಂಕಿ ಬರೆಸಿ. ಹೊರಡುವ ಮುನ್ನ ಒಳಗಡೆ, ಬಾಗಿಲ ಪಕ್ಕದ ಮೂಲೆಯಲ್ಲಿ, ಯಾರಿಗೂ ಹೇಳದೆ ನಿಮ್ಮದೊಂದು ಗುರುತು ಹಾಕಿ. ನಾನು ಅಳಿಸಲಾಗದ ಮಾರ್ಕರಿನಲ್ಲಿ ಅಂದಿನ ತಾರೀಖು ಬರೆಯುತ್ತೇನೆ. ಸಾಲಾಗಿ ನಿಂತ ಹತ್ತು ನೀಲಿ ಡಬ್ಬಿಗಳಲ್ಲಿ ಪಕ್ಕದ್ದು ಟ್ರೇಲರ್ ಹತ್ತಿ ಬರುವುದು ಕಷ್ಟವೇನಲ್ಲ. ನಮ್ಮ ಗಿರಾಕಿಯೊಬ್ಬರಿಗೆ ಹಾಗೆ ಬಂತು. ರಾತ್ರಿ ಹನ್ನೊಂದಕ್ಕೆ, ಮೊಬೈಲ್ ಬೆಳಕಿನಲ್ಲಿ ಇಳಿಸಿಕೊಂಡರು, ಬೆಳಗ್ಗೆ ನೋಡಿದರೆ ಬೇರೆ ನಂಬರು. ಇಳಿಸಿಕೊಂಡ ಮೇಲೆ ಹೇಳಿದ ಮಾತಿಗೆ ಯಾರ್ಡಿನಲ್ಲಿ ಬೆಲೆ ಸಿಗಲಿಲ್ಲ.

ಟ್ರೇಲರ್ ಬಂದಾಗ ಡ್ರೈವರ್ ಅವಸರ ಮಾಡುತ್ತಾನೆ, ಹೈಡ್ರಾದವನು ತಾಸಿನ ಲೆಕ್ಕ ಹೇಳುತ್ತಾನೆ. ಇಬ್ಬರಿಗೂ ನೀರು ಕೊಟ್ಟು ಕೂರಿಸಿ, ಟ್ರೇಲರ್ ಮೇಲೇ ಹತ್ತಿ ಬಲ ಬಾಗಿಲು ತೆರೆದು ಮೂಲೆಗೆ ಟಾರ್ಚ್ ಬಿಡಿ. ತಾರೀಖು ಕಂಡರೆ ಕೊಕ್ಕೆ ಹಾಕಲು ಹೇಳಿ.